ನಾಲಿಗೆಯಡಿಯ ದಾರ

ಒಲೆಯ ಕೆಳಗಿನ ಕತ್ತಲಿಗೆ ಕೈ ಚಾಚಿ, ಕೆನ್ನೆಯನ್ನು ತಣ್ಣನೆಯ ನೆಲಕ್ಕೆ ಒತ್ತಿ, ದೆಯೊಲಿಂದಾ ಮೂರನೆಯ ಸಲ ಕರೆದಳು. ಬೆಕ್ಕು ಬರಲಿಲ್ಲ. ಕಣ್ಣೆರಡು ಕಂಡವು, ಗಲ್ಲದಿಂದ ಇಳಿಯುತ್ತಿದ್ದ ಜೊಲ್ಲು ಕಂಡಿತು, ಆ ಜೊಲ್ಲಿನ ಪಕ್ಕದಲ್ಲೇ ಬಾಯಿಯ ಎಡಮೂಲೆಯಿಂದ ಎರಡು ಬೆರಳಿನಷ್ಟು ಕೆಂಪು ದಾರ ಕಂಡಿತು. ಮುಂಗಾಲಿನಿಂದ ಅದು ಬಾಯನ್ನು ಒಂದೇ ಸಮನೆ ಉಜ್ಜಿಕೊಳ್ಳುತ್ತಿತ್ತು. ದಾರದ ಬಣ್ಣ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿದುಹೋಗಿತ್ತು. ಆದರೂ ಎದ್ದು ಹೋಗಿ ಕಿಟಕಿಯ ಬಳಿಯ ಕುರ್ಚಿಯ ದಿಂಬನ್ನು ಇನ್ನೊಮ್ಮೆ ಕೊಡವಿದಳು, ಲಂಗದ ಮಡಿಕೆಗಳನ್ನು ಇನ್ನೊಮ್ಮೆ ಸವರಿದಳು. ಸೂಜಿ ಅಲ್ಲೆಲ್ಲಾದರೂ ಸಿಕ್ಕಿಬಿಟ್ಟರೆ ಬೆಕ್ಕು ನುಂಗಿದ್ದು ಬರೀ ದಾರ ಎಂದಾಗುತ್ತದೆ. ಬರೀ ದಾರವೂ ಕೊಲ್ಲಬಲ್ಲದೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಬೆಕ್ಕು ತಂಗಿಯದು. ಸೂಜಿ ತಂಗಿಯದು, ಬಟ್ಟೆ ಬಿಗಿದ ಮರದ ಚೌಕಟ್ಟು ತಂಗಿಯದು, ಇತೌಗ್ವಾ ಊರಿನ ಹೆಂಗಸರು ಜೇಡದ ಬಲೆಯ ಹಾಗೆ ನೇಯುವ ಆ ಞಂದುತಿ ಕಸೂತಿಯಲ್ಲಿ ಈ ಬೀದಿಗೆ ಬಂದ ಹೆಸರೂ ತಂಗಿ ಲಿದುವಿನಾಳದೇ. ಲಿದುವಿನಾ ಬೆಳಿಗ್ಗೆ ಆರರ ಬಸ್ಸಿಗೆ ಒಂದು ಮೇಜುಹಾಸನ್ನು ಒಪ್ಪಿಸಲು ರಾಜಧಾನಿ ಆಸುನ್ಸಿಯೋನ್‌ಗೆ ಹೋಗಿದ್ದಳು. ಅವಳು ಹೋಗುವುದನ್ನೇ ಕಾಯುತ್ತಿದ್ದಂತೆ ದೆಯೊಲಿಂದಾ ಚಿಕ್ಕ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮೂವತ್ತೆಂಟು ವರ್ಷ ಮೇಷ್ಟ್ರಾಗಿದ್ದವಳು, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವಳು, ನಿವೃತ್ತಿಯಾದ ಮೇಲೆ ಎಂಟು ವರ್ಷದಿಂದ ತಂಗಿಯ ಎದುರು ಕೈ ಕಟ್ಟಿ ಕೂತು ಬರೀ ಮಾತಾಡುತ್ತಿದ್ದಾಳೆ. ಕಲಿಸು ಎಂದು ಒಮ್ಮೆ ಕೇಳಿದ್ದಳು. ಲಿದುವಿನಾ ಬೇಡ ಎನ್ನಲಿಲ್ಲ. ಅಕ್ಕನ ಬೆರಳು ತಾಕಿದ ಕಡೆ ಎಳೆಗಳನ್ನು ಮೆಲ್ಲಗೆ ಬಿಚ್ಚಿ, ಮತ್ತೆ ಕಟ್ಟಿ, ಚೌಕಟ್ಟನ್ನು ಸ್ವಲ್ಪ ಆಚೆ ಸರಿಸಿಕೊಂಡಿದ್ದಳು, ಅಷ್ಟೆ. ಆ ಸರಿಸಿದ್ದು ಎರಡು ವರ್ಷದಿಂದ ದೆಯೊಲಿಂದಾಳ ಎದೆಯಲ್ಲಿ ಕೂತಿತ್ತು. ಇವತ್ತು ಒಬ್ಬಳೇ ಒಂದು ಸೀಬೆಹೂವನ್ನಾದರೂ ಮುಗಿಸಿ ತೋರಿಸಬೇಕೆಂದು ಸೂಜಿಗೆ ಕೆಂಪು ದಾರ ಪೋಣಿಸಿದ್ದಳು. ಐದು ಎಸಳಾಗಿತ್ತು. ಗೇಟಿನ ಬಳಿ ಹಾಲಿನವನು ಕೂಗಿದ. ಹೋಗಿ ಬರುವಷ್ಟರಲ್ಲಿ ಸೂಜಿಯಿಲ್ಲ, ಆರನೆಯ ಎಸಳಿಗೆಂದು ಬಿಟ್ಟಿದ್ದ ಉದ್ದನೆಯ ದಾರವಿಲ್ಲ, ಬೆಕ್ಕು ಕೊಕೀತೊ ಒಲೆಯ ಕೆಳಗೆ.

ಬೇಲಿಯಾಚೆಯಿಂದ ಪಕ್ಕದ ಮನೆಯ ಸೆಫೆರಿನಾ ಬಂದಳು, ಕೈಯಲ್ಲಿ ಎಣ್ಣೆಯ ಸೀಸೆ ಹಿಡಿದೇ ಬಂದಳು; ಕರೆದವರ ಮನೆಗೆ ಅವಳು ಬರಿಗೈಯಲ್ಲಿ ಬರುವವಳಲ್ಲ. ಇಬ್ಬರೂ ಸೇರಿ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಎತ್ತಿದರು.

"ಎರಡು ಚಮಚ ಎಣ್ಣೆ ಹಾಕಿ, ಮೇಲೆ ಒಂಚೂರು ಹಾಲು. ಜಾರ್ಕೊಂಡು ಹೋಗತ್ತೆ. ನಮ್ಮನೆ ನಾಯಿ ಕೋಳಿಮೂಳೆ ನುಂಗಿದಾಗ ಹಾಗೇ ಮಾಡಿದ್ದು."

"ನಾಯಿ ಏನಾಯ್ತು?"

"ಚೆನ್ನಾಗೇ ಇತ್ತು, ಆಮೇಲೆ ಬಸ್ಸಿಗೆ ಸಿಕ್ತು," ಎಂದಳು ಸೆಫೆರಿನಾ. "ದಾರ ಕಾಣ್ತಿದೆಯಲ್ಲ, ಎಳೀರಿ. ಇನ್ನೂ ಗಂಟಲಲ್ಲೇ ಇರತ್ತೆ. ನೀವು ಎಳೀತೀರೋ ನಾನು ಎಳೀಲೋ?"

ದೆಯೊಲಿಂದಾ ಎಳೆದಳು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಮೆಲ್ಲಗೆ, ಒಂದೇ ಸಲ. ದಾರ ಬರಲಿಲ್ಲ, ಒಳಗೆ ಎಲ್ಲೋ ಬಲು ದೂರದಲ್ಲಿ ಏನೋ ಅದಕ್ಕೆ ಉತ್ತರ ಕೊಟ್ಟಿತು, ಬಿಗಿಯಾಗಿ, ಜೀವವಿರುವ ಹಾಗೆ. ಬೆಕ್ಕು ಕಿರುಚಲಿಲ್ಲ. ಬಾಯಿ ತೆರೆದು ಸದ್ದೇ ಇಲ್ಲದೆ ಅವಳನ್ನು ನೋಡಿತು. ಇಂಥ ನೋಟವನ್ನು ಎಲ್ಲಿಯೋ ನೋಡಿದ್ದೇನೆ ಎನ್ನಿಸಿತು, ಎಲ್ಲಿ ಎಂದು ಹುಡುಕಲು ಮನಸ್ಸು ಹೋಗಲಿಲ್ಲ, ಅಥವಾ ಹೋಗಿ ಅರ್ಧ ದಾರಿಯಲ್ಲಿ ನಿಂತಿತು. ಬೆರಳು ಸಡಿಲಿಸಿದಳು. ಎಣ್ಣೆ ಆಗಲೇ ಒಂದು ಚಮಚ ಒಳಗೆ ಹೋಗಿತ್ತು, ಹಾಲೂ ಹೋಗಿತ್ತು. "ಸಾಕು, ಬೇಡ," ಎಂದು ಟವೆಲನ್ನು ಎದೆಗವಚಿಕೊಂಡು, ತಂಗಿ ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿನ ಪಶುವೈದ್ಯರ ನಂಬರಿಗೆ ಫೋನ್ ಮಾಡಿದಳು.

ಅತ್ತ ಕಡೆಯ ಹೆಣ್ಣುದನಿ ಗಾಬರಿಯಾಗಲಿಲ್ಲ. ಒಂದೊಂದೇ ಪ್ರಶ್ನೆ ಕೇಳಿತು. ಎಷ್ಟು ಹೊತ್ತಾಯ್ತು, ಸೂಜಿ ಎಷ್ಟುದ್ದ, ವಾಂತಿ ಮಾಡಿತಾ. "ಕೇಳಿ ಇಲ್ಲಿ. ದಾರ ಎಳೀಬೇಡಿ. ಎಷ್ಟೇ ಸುಲಭವಾಗಿ ಬರತ್ತೆ ಅನ್ನಿಸಿದ್ರೂ ಎಳೀಬೇಡಿ, ಕತ್ತರಿಸಬೇಡಿ. ವಾಂತಿ ಮಾಡಿಸೋಕೆ ಹೋಗ್ಬೇಡಿ. ಎಣ್ಣೆ, ಹಾಲು, ನೀರು, ಏನೂ ಬೇಡ. ಹೀಗೇ ಎತ್ಕೊಂಡು ಬನ್ನಿ, ಈಗಲೇ. ಎಳೆದಿಲ್ಲ ತಾನೆ?"

"ಇಲ್ಲ," ಎಂದಳು ದೆಯೊಲಿಂದಾ.

"ಏನಾದ್ರೂ ಕೊಟ್ರಾ?"

"ಇಲ್ಲ."

ಎಣ್ಣೆಯ ಸೀಸೆ ಹಿಡಿದು ನಿಂತಿದ್ದ ಸೆಫೆರಿನಾ ಅವಳ ಮುಖ ನೋಡಿ, ನೋಡಬಾರದ್ದನ್ನು ನೋಡಿದವಳ ಹಾಗೆ, ಬಾಗಿಲ ಕಡೆ ತಿರುಗಿದಳು.

ಬಸ್ಸಿನಲ್ಲಿ ಬುಟ್ಟಿ ಮಡಿಲಲ್ಲಿತ್ತು. ಇಲ್ಲಿ ಬೇಸಿಗೆ ಹತ್ತಿರವಾಗುವ ನವೆಂಬರ್ ತಿಂಗಳ ಬಿಸಿಲು ಹತ್ತು ಗಂಟೆಗೇ ಗಾಜಿನ ಮೂಲಕ ತೊಡೆಯನ್ನು ಸುಡುತ್ತಿತ್ತು. ಚಾಲಕ ಕನ್ನಡಿಯಲ್ಲಿ ಅವಳನ್ನು ಗುರುತಿಸಿದ. ಗುರುತಿಸದವರಾರು ಈ ಊರಲ್ಲಿ; ಎಲ್ಲರಿಗೂ ಅವಳು ಪ್ರೊಫೆ, ಟೀಚರಮ್ಮ. "ಏನ್ ಪ್ರೊಫೆ, ಬೆಕ್ಕಿಗೂ ಮಗ್ಗಿ ಕಲಿಸೋಕೆ ಹೊರಟ್ರಾ?" ಎಂದ. ಬಸ್ಸೆಲ್ಲ ನಕ್ಕಿತು. ಅವಳು ಸೂಜಿ ಎಂದಳು, ಒಂದೇ ಮಾತು. ಆಮೇಲೆ ಅವನು ನಗಲಿಲ್ಲ. ಕೈ ಅಡ್ಡ ಹಾಕಿದ ಇಬ್ಬರನ್ನು ಬಿಟ್ಟು, ನಿಲ್ದಾಣವೇ ಇಲ್ಲದ ಕಡೆ, ದವಾಖಾನೆಯ ಬಾಗಿಲಿಗೇ ತಂದು ನಿಲ್ಲಿಸಿದ. ಇವನಿಗೆ ನಾನು ಏನು ಕಲಿಸಿದ್ದೆ, ಹೆಸರು ಏನು ಇವನದು ಎಂದು ಯೋಚಿಸುತ್ತ ಇಳಿದವಳು, ಒಂದು ಮಾತೂ ಹೇಳದೆ ಇಳಿದೆನಲ್ಲ ಎಂದು ಬಸ್ಸು ಹೋದ ಮೇಲೆ ದೂಳಿಗೆ ಕೈ ಎತ್ತಿದಳು.

ಬಾಗಿಲ ಮೇಲಿನ ಫಲಕದಲ್ಲಿ ಡಾಕ್ಟರ್ ಮಿರ್ತಾ ಓವೆಲಾರ್ ಎಂದಿತ್ತು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಐದು ವರ್ಷದಿಂದ ಫಲಕ ಅಲ್ಲಿದೆ, ಐದು ವರ್ಷದಿಂದ ಅವಳು ಮಾರುಕಟ್ಟೆಗೆ ಹೋಗುವಾಗ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದಾಳೆ. ಬೆಕ್ಕಿಗೆ ಚುಚ್ಚುಮದ್ದು ಹಾಕಿಸುವುದಿದ್ದರೆ ಲಿದುವಿನಾಳೇ ಹೋಗಲಿ ಎಂದು ತಲೆನೋವಿನ ನೆಪ ಹೇಳುತ್ತಾಳೆ. ಫೋನಿನಲ್ಲಿ ಆ ದನಿ ಕೇಳಿದಾಗಲೂ ಅದು ಯಾರದ್ದೆಂದು ಅವಳಿಗೆ ಗೊತ್ತಿತ್ತು. ತನ್ನ ಹೆಸರನ್ನು ಹೇಳಿರಲಿಲ್ಲ, ಅಷ್ಟೆ.

"ಪ್ರೊಫೆ ದೆಯೊಲಿಂದಾ!" ಬಿಳಿ ಕೋಟಿನ ಹೆಂಗಸು ಬುಟ್ಟಿಗೆ ಕೈ ಚಾಚಿದಳು. ನಲವತ್ತರ ಆಸುಪಾಸು, ಚಿಕ್ಕ ಕೂದಲು, ಕಣ್ಣಿನ ಕೆಳಗೆ ನಿದ್ದೆ ಸಾಲದ ಕಪ್ಪು. "ಫೋನ್ ಮಾಡಿದ್ದು ನೀವಾ? ಹೇಳಬಾರದಾ. ಬನ್ನಿ ಬನ್ನಿ, ಇಲ್ಲಿ ಮಲಗಿಸಿ. ತಲೆ ನೀವೇ ಹಿಡ್ಕೊಳ್ಳಿ, ನಿಮ್ಮ ವಾಸನೆ ಗೊತ್ತು ಅದಕ್ಕೆ."

ಉಕ್ಕಿನ ಮೇಜಿನ ಮೇಲೆ ಬೆಕ್ಕಿನ ಮೈ ನಡುಗುತ್ತಿತ್ತು. ಅದರ ಕಿವಿಗೆ ಬಾಗಿ ಏನೇನೋ ಹೇಳುತ್ತಿದ್ದೇನೆ ಎಂದು ದೆಯೊಲಿಂದಾಳಿಗೆ ಗೊತ್ತಾದದ್ದು ಡಾಕ್ಟರು ತಲೆಯೆತ್ತಿ ನೋಡಿದಾಗ. ಅವಳು ಹೇಳುತ್ತಿದ್ದದ್ದು ಮನೆಮಾತಾದ ಗ್ವಾರಾನಿಯಲ್ಲಿ. ಶಾಲೆಯ ಸ್ಪ್ಯಾನಿಷ್ ಅಲ್ಲ. ಅವ್ವ ಹಿತ್ತಿಲಲ್ಲಿ ಮರಗೆಣಸು ಸುಲಿಯುತ್ತ ಕೋಳಿಗೂ ಮಕ್ಕಳಿಗೂ ಒಂದೇ ದನಿಯಲ್ಲಿ ಹೇಳುತ್ತಿದ್ದ ಮಾತುಗಳು, ಸುಮ್ಮನಿರು ಪುಟ್ಟಾ, ಆಗೋಯ್ತು, ಇಷ್ಟೇ ಇಷ್ಟು. ಒಮ್ಮೆ ಅವ್ವ ಗೆಣಸಿನ ಬುಟ್ಟಿ ಹೊತ್ತು ಶಾಲೆಯ ಗೇಟಿಗೇ ಬಂದು, ಮಗಳೇ ಎಂದು ಆ ನುಡಿಯಲ್ಲಿ ಕೂಗಿದ್ದಳು; ಹೆಡ್‌ಮಾಸ್ಟರರ ಪಕ್ಕ ನಿಂತಿದ್ದ ದೆಯೊಲಿಂದಾ, ಏನು ಬೇಕಮ್ಮ ತಮಗೆ ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದ್ದಳು, ಯಾರೋ ಪರಿಚಯವಿಲ್ಲದವರನ್ನು ಕೇಳುವ ಹಾಗೆ. ಅವ್ವ ಏನೂ ಬೇಡ ಎಂದು ತಲೆಯಾಡಿಸಿ ಹೋಗಿದ್ದಳು.

ಡಾಕ್ಟರು ಬೆಕ್ಕಿನ ಬಾಯಿ ತೆರೆದು, ಕೆಳಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ನಾಲಿಗೆಯನ್ನು ಮೇಲೆತ್ತಿದಳು. "ನೋಡಿ. ದಾರ ನಾಲಿಗೆಯಡಿ ಸುತ್ಕೊಂಡಿದೆ. ಒಂದು ತುದಿ ಇಲ್ಲಿ ಸಿಕ್ಕಾಕೊಂಡು, ಇನ್ನೊಂದು ಹೊಟ್ಟೆಗೆ ಹೋಗಿದೆ. ಕರುಳು ಅದನ್ನ ಮುಂದೆ ತಳ್ಳೋಕೆ ನೋಡತ್ತೆ, ದಾರ ಬಿಡಲ್ಲ. ಹೊಲಿಗೆ ಎಳೆದ್ರೆ ಬಟ್ಟೆ ನೆರಿಗೆ ಕಟ್ಟತ್ತಲ್ಲ, ಹಾಗೆ ಕರುಳು ನೆರಿಗೆ ಕಟ್ಟತ್ತೆ. ಆಮೇಲೆ ದಾರವೇ ಅದನ್ನ ಕೊಯ್ಯತ್ತೆ. ನೀವು ಎಳೀದೆ ಇದ್ದದ್ದು ದೊಡ್ಡ ಪುಣ್ಯ."

ಎಕ್ಸ್‌ರೇಯಲ್ಲಿ ಬೆಕ್ಕಿನ ಪಕ್ಕೆಲುಬುಗಳು ಮಂಜಿನಲ್ಲಿ ನಿಂತ ಬೇಲಿಯ ಹಾಗಿದ್ದವು. ಅವುಗಳ ಕೆಳಗೆ ಸೂಜಿ ಮಾತ್ರ ಸ್ಪಷ್ಟವಾಗಿ, ನಾಚಿಕೆಯಿಲ್ಲದಷ್ಟು ಬೆಳ್ಳಗೆ ಹೊಳೆಯುತ್ತಿತ್ತು. ಇನ್ನೂ ಜಠರದಲ್ಲೇ ಇದೆ, ಈಗಲೇ ಕೊಯ್ದು ತೆಗೆದುಬಿಡೋಣ, ಎಂದಳು ಡಾಕ್ಟರು. ನರ್ಸು ಮುಂಗಾಲಿನ ಕೂದಲು ಬೋಳಿಸತೊಡಗಿದಳು. ಸಿರಿಂಜಿನಲ್ಲಿ ಅರಿವಳಿಕೆ ತುಂಬುತ್ತಿತ್ತು. ಮೂವತ್ತೆಂಟು ವರ್ಷ ದೆಯೊಲಿಂದಾ ಮಕ್ಕಳನ್ನು ಎದುರು ನಿಲ್ಲಿಸಿಕೊಂಡು, ನಿಜ ಹೇಳು, ನಿಜ ಹೇಳಿದರೆ ಏನೂ ಮಾಡುವುದಿಲ್ಲ ಎಂದು ಹೇಳಿದ್ದಾಳೆ. ಹೇಳಿದ ಮೇಲೆ ಮಾಡಿದ್ದೂ ಇದೆ. ನಿಜ ಹೇಳುವುದು ನಾಲಿಗೆಗೆ ಇಷ್ಟು ಭಾರವೆಂದು ಆ ಮಕ್ಕಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

"ತಡಿ," ಎಂದಳು. "ನಾನು ಸುಳ್ಳು ಹೇಳಿದೆ. ಎಳೆದೆ, ಒಂದ್ಸಲ. ಎಣ್ಣೆನೂ ಕೊಟ್ಟೆ. ಹಾಲೂ ಕೊಟ್ಟೆ."

ಸಿರಿಂಜು ಗಾಳಿಯಲ್ಲೇ ನಿಂತಿತು. ಡಾಕ್ಟರು ಅವಳನ್ನು ನೋಡಿದಳು. ಈಗ ಬೈಯುತ್ತಾಳೆ, ಬೈಯಲಿ ಎಂದು ದೆಯೊಲಿಂದಾ ಕಾದಳು.

"ಎಷ್ಟು ಹಾಲು?"

"ಎರಡು ಚಮಚ."

"ಹೇಳಿದ್ದು ಒಳ್ಳೇದಾಯ್ತು. ಪ್ರಜ್ಞೆ ತಪ್ಪಿದಾಗ ವಾಂತಿ ಬಂದು ಶ್ವಾಸಕೋಶಕ್ಕೆ ಇಳಿದಿದ್ರೆ ಸೂಜಿ ತೆಗೆದೂ ಉಪಯೋಗ ಇರ್ತಿರಲಿಲ್ಲ. ಗಂಟಲಿಗೆ ನಳಿಗೆ ಹಾಕೇ ಶುರು ಮಾಡ್ತೀನಿ." ನರ್ಸಿಗೆ ಏನೋ ಹೇಳಿ, ಮತ್ತೆ ಇವಳ ಕಡೆ ತಿರುಗಿದಳು. "ಎಲ್ರೂ ಎಳೀತಾರೆ ಪ್ರೊಫೆ. ಎಲ್ರೂ ಇಲ್ಲ ಅಂತಾರೆ. ಹೊರಗೆ ಕೂತಿರಿ."

ಹೊರಗಿನ ಬೆಂಚಿನ ಮೇಲೆ ಕೂತಾಗ ಹನ್ನೊಂದು ದಾಟಿತ್ತು. ಹನ್ನೆರಡಕ್ಕೆ ಊರು ಕದ ಹಾಕಿಕೊಂಡಿತು. ಎದುರಿನ ಔಷಧಿ ಅಂಗಡಿಯ ಶಟರ್ ಇಳಿಯಿತು, ಹಣ್ಣಿನವಳು ತನ್ನ ಗಾಡಿಗೆ ಗೋಣಿ ಹೊದಿಸಿ ಅದರ ನೆರಳಲ್ಲೇ ಮಲಗಿದಳು. ಎಲ್ಲರೂ ಮಲಗುವ ಈ ಹೊತ್ತಿನಲ್ಲಿ ಒಳಗೆ ಒಬ್ಬಳು ಒಂದು ಬೆಕ್ಕಿಗಾಗಿ ನಿಂತಿದ್ದಾಳೆ ಎಂಬುದು ದೆಯೊಲಿಂದಾಳ ಎದೆಯನ್ನು ತುಂಬಿ, ತುಂಬಿದ್ದು ಹಾಗೇ ನಿಂತು ನೋವಾಗತೊಡಗಿತು. ಋಣಕ್ಕೆ ಬೀಳುವುದಿದ್ದರೆ ಬೇರೆ ಯಾರ ಋಣಕ್ಕಾದರೂ ಬೀಳಬಾರದಿತ್ತೇ. ಮೂವತ್ತು ವರ್ಷಕ್ಕೂ ಹಿಂದಿನ ಒಂದು ಮಧ್ಯಾಹ್ನ, ಮೂರನೇ ತರಗತಿಯ ಬಾಗಿಲ ಬಳಿ ಮೆಕ್ಕೆಜೋಳದ ಕಾಳು ಹರಡಿತ್ತು. ಓವೆಲಾರ್ ಎಂಬ ಹುಡುಗಿ ಅದರ ಮೇಲೆ ಮಂಡಿಯೂರಿದ್ದಳು. ಶಾಲೆಯಲ್ಲಿ ಆಡಬಾರದಿದ್ದ ಗ್ವಾರಾನಿಯನ್ನು ಆಟದ ಹೊತ್ತಿನಲ್ಲಿ ಆಡಿದವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಆ ದಿನಗಳಲ್ಲಿ ಎಲ್ಲ ಶಿಕ್ಷಕರೂ ಹಾಗೇ ಮಾಡುತ್ತಿದ್ದರು ಎಂದು ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ, ಅದು ನಿಜವೂ ಹೌದು. ಸ್ವಲ್ಪ ಹೊತ್ತಿಗೆ ಹುಡುಗಿ ಹೊರಗೆ ಹೋಗಬೇಕು ಎಂದು ಗ್ವಾರಾನಿಯಲ್ಲೇ ಕೇಳಿತು. ಸರಿಯಾದ ಭಾಷೆಯಲ್ಲಿ ಕೇಳು ಎಂದಳು ದೆಯೊಲಿಂದಾ. ಹುಡುಗಿಗೆ ಆ ಮಾತು ಸಿಗಲಿಲ್ಲ. ಬಾಯಿ ತೆರೆದು, ಸದ್ದೇ ಇಲ್ಲದೆ, ನೋಡಿತು. ಆಮೇಲೆ ಜೋಳದ ಕಾಳಿನ ನಡುವೆ ಒದ್ದೆ ಹರಡಿತು, ಬಿಳಿ ಕಾಲುಚೀಲ ಹಳದಿಯಾಯಿತು, ಮೂವತ್ತು ಮಕ್ಕಳು ನಕ್ಕರು, ಮತ್ತು ಶಿಕ್ಷಕಿ ಅವರನ್ನು ಸುಮ್ಮನಿರಿಸಲು ಒಂದು ಕ್ಷಣ ತಡಮಾಡಿದಳು. ಆ ಒಂದು ಕ್ಷಣವೇ ಅವಳನ್ನು ಐದು ವರ್ಷ ರಸ್ತೆಯ ಆಚೆ ಬದಿ ನಡೆಸಿದ್ದು.

ಒಂದು ಗಂಟೆಯ ಹೊತ್ತಿಗೆ ಬಾಗಿಲು ತೆರೆಯಿತು. ಡಾಕ್ಟರ ಹಣೆಯ ಮೇಲೆ ಟೋಪಿಯ ಗುರುತು ಕೆಂಪಗೆ ಮೂಡಿತ್ತು. ಕೈಯಲ್ಲಿ ಒಂದು ಚಿಕ್ಕ ಬಟ್ಟಲು. ಅದರೊಳಗೆ ಸೂಜಿ, ಮೊಳದುದ್ದ ಕೆಂಪು ದಾರ, ಎಣ್ಣೆಯಲ್ಲಿ ಮಿರುಗುತ್ತ. "ಬದುಕ್ತು," ಎಂದಳು. "ನಾಲಿಗೆಯಡಿ ಕತ್ತರಿಸಿ, ಜಠರದಿಂದ ಎರಡನ್ನೂ ತೆಗೆದೆ. ಕರುಳಿಗೆ ಸ್ವಲ್ಪ ಇಳಿದಿತ್ತು, ನೆರಿಗೆ ಬಿಡಿಸಿ ನೋಡಿದೆ, ಎಲ್ಲೂ ತೂತಿಲ್ಲ. ಇವತ್ತು ನಾಳೆ ಇಲ್ಲೇ ಇರಲಿ. ಆಮೇಲೆ ಮೆತ್ತಗಿನ ಊಟ, ಸ್ವಲ್ಪ ಸ್ವಲ್ಪ. ಹೊಲಿಗೆ ನೆಕ್ಕದ ಹಾಗೆ ಕುತ್ತಿಗೆಗೆ ಪಟ್ಟಿ. ಹತ್ತು ದಿನಕ್ಕೆ ಹೊಲಿಗೆ ಬಿಚ್ಚೋಣ. ಮತ್ತೆ, ಸೂಜಿ ಡಬ್ಬಿಗೆ ಮುಚ್ಚಳ ಅಂತ ಒಂದು ಇರತ್ತೆ."

ದೆಯೊಲಿಂದಾ ಅತ್ತಳು. ಅಳು ಬಂದದ್ದಕ್ಕೆ ನಾಚಿ, ತಂಗಿಗೆ ಫೋನ್ ಮಾಡುವ ನೆಪದಲ್ಲಿ ಗೋಡೆಯ ಕಡೆ ತಿರುಗಿದಳು. ಎಲ್ಲವನ್ನೂ ಹೇಳಿದಳು, ಚೌಕಟ್ಟು ಮುಟ್ಟಿದ್ದನ್ನೂ ಸೇರಿಸಿ. ಲಿದುವಿನಾಳ ಹಿಂದೆ ಪೇಟೆಯ ಗದ್ದಲ ಕೇಳುತ್ತಿತ್ತು.

"ಈಗ ಉಸಿರಾಡ್ತಿದೆ ತಾನೆ?"

"ಹೂಂ."

"ಯಾವ ಹೂ ಕಟ್ತಿದ್ದೆ, ದೆಯೊ?"

"ಸೀಬೆಹೂ. ಐದು ಎಸಳಾಗಿತ್ತು."

"ಅಯ್ಯೋ ಹುಚ್ಚಿ, ಅದು ಕಷ್ಟದ್ದು. ಕೇಳಿದ್ರೆ ಸುಲಭದ್ದು ಹೇಳ್ಕೊಡ್ತಿರಲಿಲ್ವಾ," ಎಂದಳು ಲಿದುವಿನಾ. ಮೂಗು ಎಳೆದುಕೊಳ್ಳುವ ಸದ್ದು ಬಂತು. "ಡಾಕ್ಟರಮ್ಮನಿಗೆ ಸರಿಯಾಗಿ ಥ್ಯಾಂಕ್ಸ್ ಹೇಳು. ಭಾಷಣ ಮಾಡ್ಬೇಡ."

ಭಾಷಣವೇ ಬಾಯಿಗೆ ಬಂದಿತ್ತು. ಬೆಂಚಿನ ಇನ್ನೊಂದು ತುದಿಯಲ್ಲಿ ಮಿರ್ತಾ ಕಾಲು ಚಾಚಿ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಅವಳು ನಿದ್ದೆ ಮಾಡಿಬಿಟ್ಟರೆ ಇನ್ನು ಎಂದೂ ಹೇಳಲಾರೆ ಎನ್ನಿಸಿತು.

"ಮಿರ್ತಾ, ಮೂರನೇ ಕ್ಲಾಸಲ್ಲಿ ನಾನು ನಿನ್ನನ್ನ ಜೋಳದ ಕಾಳಿನ ಮೇಲೆ ಮಂಡಿಯೂರಿಸಿದ್ದೆ. ನೀನು ಹೊರಗೆ ಹೋಗ್ಬೇಕು ಅಂದೆ, ನಾನು ಬಿಡಲಿಲ್ಲ. ಅದನ್ನ ನಾನು ಮರ್ತಿಲ್ಲ. ನೀನೂ ಮರ್ತಿರಲ್ಲ. ಆದ್ರೂ ನೀನು ಇವತ್ತು…"

ಮಿರ್ತಾ ಕಣ್ಣು ತೆರೆದಳು. "ಅದು ನಾನಲ್ಲ, ಪ್ರೊಫೆ."

"ಓವೆಲಾರ್. ನನಗೆ ಚೆನ್ನಾಗಿ ನೆನಪಿದೆ."

"ಇಬ್ರು ಇದ್ವಿ ಓವೆಲಾರ್. ನನ್ನಕ್ಕ ಬಾಸಿಲಿಯಾ ಒಂದು ವರ್ಷ ಫೇಲಾಗಿ ನನ್ನ ಕ್ಲಾಸಿಗೇ ಬಂದಿದ್ಲು. ಮಂಡಿಯೂರಿದ್ದು ಅವಳು." ಚಾಚಿದ್ದ ಕಾಲನ್ನು ಒಳಗೆಳೆದುಕೊಂಡಳು. "ಪಟ್ಟಿ ಬರೀತಿದ್ದದ್ದು ನಾನು. ನೀವೇ ನೋಟ್‌ಬುಕ್ ಕೊಟ್ಟಿದ್ರಿ. ಆವತ್ತು ಬೆಳಿಗ್ಗೆ ಬಾಸಿ ನನ್ನ ಜಡೆ ಹಿಡಿದು ಎಳೆದಿದ್ಲು, ಅದಕ್ಕೆ ಬರೆದೆ. ಗ್ವಾರಾನಿ ಎಲ್ರೂ ಮಾತಾಡ್ತಿದ್ವಿ, ಅವಳೊಬ್ಬಳ ಹೆಸರು ಬರೆದೆ. ಅವಳಿಗೆ ಕೇಳೋಕೆ ಮಾತು ಸಿಗದೆ ನನ್ನ ಕಡೆ ನೋಡಿದ್ಲು. ಹೊರಗೆ ಹೋಗ್ಲಾ ಅಂತ ಸ್ಪ್ಯಾನಿಷ್‌ನಲ್ಲಿ ಹೇಗೆ ಕೇಳೋದು ಅಂತ ನನಗೆ ಗೊತ್ತಿತ್ತು. ಪಿಸುಗುಟ್ಟಿದ್ರೆ ಸಾಕಿತ್ತು. ಪಿಸುಗುಟ್ಟಲಿಲ್ಲ. ಎಲ್ರ ಜೊತೆ ನಕ್ಕೆ."

ಇಷ್ಟು ವರ್ಷ ದೆಯೊಲಿಂದಾ ತನ್ನೊಬ್ಬಳದೇ ಎಂದು ಹೊತ್ತುಕೊಂಡು ತಿರುಗಿದ್ದ ಒಂದು ಮಧ್ಯಾಹ್ನದ ಇನ್ನೊಂದು ತುದಿಯನ್ನು ಈ ಹೆಂಗಸು ಇದೇ ಊರಿನಲ್ಲಿ, ಇದೇ ರಸ್ತೆಯಲ್ಲಿ ಹೊತ್ತಿದ್ದಳು. ಎಂಟು ವರ್ಷದ ಹುಡುಗಿಯ ಕೈಗೆ ನೋಟ್‌ಬುಕ್ ಕೊಟ್ಟವಳು ತಾನೇ. ಯಾರ ಕ್ಷಮೆ ಕೇಳಬೇಕೆಂದು ಬಾಯಿ ತೆರೆದಿದ್ದಳೋ ಆ ಮುಖ ಬೇರೆಯಾಗಿತ್ತು. ಈ ಮುಖಕ್ಕೂ ಕೇಳಬೇಕಾದದ್ದು ಬಾಕಿ ಇತ್ತೆಂದು ಈಗ ಕಂಡಿತು. ಕೈ ಚಾಚಿ, ಔಷಧಿಯ ವಾಸನೆಯ ಆ ಕೈಯನ್ನು ಹಿಡಿದುಕೊಂಡಳು. ಮಿರ್ತಾ ಬಿಡಿಸಿಕೊಳ್ಳಲಿಲ್ಲ.

ಹಿಂಬಾಗಿಲಿನಿಂದ ಮೊದಲು ಬೆಂದ ಮರಗೆಣಸಿನ ವಾಸನೆ ಬಂತು, ಆಮೇಲೆ ಒಬ್ಬ ದಪ್ಪನೆಯ ಹೆಂಗಸು ಒಳಗೆ ಬಂದಳು. ಒಂದು ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ, ಇನ್ನೊಂದರಲ್ಲಿ ಮಂಜುಗಡ್ಡೆ ಸದ್ದು ಮಾಡುವ ಹೂಜಿ, ಕಂಕುಳಲ್ಲಿ ತೆರೆರೆ ಎಂಬ ಎಲೆಯ ತಂಪುಪಾನೀಯ ಕುಡಿಯುವ ಕೊಂಬಿನ ಲೋಟ. "ಊಟಕ್ಕೆ ಬರಲ್ವೇನೇ, ಬೆಕ್ಕನ್ನೇ ಹುರ್ಕೊಂಡು ತಿಂದ್ಯಾ?" ಎಂದವಳು ಬೆಂಚಿನ ಕಡೆ ನೋಡಿ ನಿಂತಳು. ಕಣ್ಣು ಮಿರ್ತಾಳದ್ದೇ. ದೆಯೊಲಿಂದಾ ಎದ್ದು ನಿಂತಳು. ಯಾಕೆ ನಿಂತೆನೆಂದು ಗೊತ್ತಾಗಲಿಲ್ಲ. ಮೊಣಕಾಲುಗಳೇ ಅವಳನ್ನು ಎತ್ತಿದ್ದವು.

"ಬಾಸಿಲಿಯಾ," ಎಂದಳು. ಮುಂದಿನದನ್ನು ಗ್ವಾರಾನಿಯಲ್ಲಿ ಹೇಳಿದಳು. ಈಗ ಅದನ್ನು ಶಾಲೆಯಲ್ಲಿ ಕಲಿಯುವ ಮಗುವಿಗಿಂತ ಕೆಟ್ಟದಾಗಿ, ತಡವರಿಸುತ್ತ ಹೇಳಿದಳು. "ಆವತ್ತು ನಾನು ಮಾಡಿದ್ದು ತಪ್ಪು."

ಬಾಸಿಲಿಯಾ ತಂಗಿಯನ್ನೂ ಅವಳನ್ನೂ ನೋಡಿದಳು. "ಇಬ್ರೂ ಸತ್ತೋರ ಮನೇಲಿ ಕೂತ ಹಾಗೆ ಕೂತಿದ್ದಾಗಲೇ ಅಂದ್ಕೊಂಡೆ, ಅದೇ ಕಥೆ ಇರ್ಬೇಕು ಅಂತ. ಇವಳು ವರ್ಷಕ್ಕೊಂದ್ಸಲ ಅದನ್ನೇ ಹೇಳಿ ಅಳ್ತಾಳೆ." ಪಾತ್ರೆಯನ್ನು ಮೇಜಿನ ಮೇಲಿಟ್ಟಳು. "ನೋವಾಯ್ತು, ಪ್ರೊಫೆ. ತುಂಬ ನೋವಾಯ್ತು. ಇಲ್ಲ ಅನ್ನಲ್ಲ. ಆಮೇಲೆ ಶಾಲೆ ಕಂಡ್ರೇ ಆಗ್ತಿರಲಿಲ್ಲ ನನಗೆ." ಆ ಮಾತನ್ನು ಮೃದು ಮಾಡಲು ಅವಳು ಏನನ್ನೂ ಸೇರಿಸಲಿಲ್ಲ. ಒಳಗೆ ಬೋನಿನಲ್ಲಿ ಬೆಕ್ಕು ಎಚ್ಚರವಾಗಿ, ನಳಿಗೆ ತೆಗೆದ ಗಂಟಲಿನಿಂದ ಒಡಕು ದನಿಯಲ್ಲಿ ಕೂಗಿತು. "ನೋಡು, ಅದಕ್ಕೂ ಹಸಿವು," ಎಂದಳು ಬಾಸಿಲಿಯಾ. "ಕೂತ್ಕೊಳ್ಳಿ. ಬಿಸಿಲಲ್ಲಿ ಬಂದಿದ್ದೀರ."

ಮೂವರೂ ಬೆಂಚಿನ ಮೇಲೆ ಕೂತರು. ಬಾಸಿಲಿಯಾ ಕೊಂಬಿನ ಲೋಟದೊಳಗಿನ ಎಲೆಪುಡಿಯ ಮೇಲೆ ತಣ್ಣೀರು ಹೊಯ್ದು, ಮೊದಲು ದೆಯೊಲಿಂದಾಳ ಕೈಗೆ ಕೊಟ್ಟಳು. ಲೋಹದ ನಳಿಕೆ ತುಟಿಗೆ ತಣ್ಣಗೆ ತಾಗಿತು. ಪುದೀನದ ಕಹಿತಂಪು ಗಂಟಲಿನಿಂದ ಇಳಿದು, ಬೆಳಗಿನಿಂದ ಬಿಗಿದುಕೊಂಡಿದ್ದ ಒಂದೊಂದೇ ಜಾಗವನ್ನು ಮುಟ್ಟುತ್ತ ಹೋಯಿತು. ಲೋಟ ಬರಿದಾಗುವವರೆಗೂ ಕುಡಿದಳು. ಬಾಸಿಲಿಯಾ ಅದಕ್ಕಾಗಿ ಕೈ ಚಾಚಿದಳು. ಎದೆಯಲ್ಲಿ ತುಂಬಿದ್ದೆಲ್ಲ ಒಂದೇ ಮಾತಾಗಿ ದೆಯೊಲಿಂದಾಳ ಬಾಯಿಗೆ ಬಂತು. ಆದರೆ ತೆರೆರೆ ಕುಡಿದು ಲೋಟ ಹಿಂದಿರುಗಿಸುವಾಗ ಧನ್ಯವಾದ ಎಂದರೆ ನನಗೆ ಸಾಕು, ಇನ್ನು ಬೇಡ ಎಂದರ್ಥ. ಹಾಗೆಂದವರನ್ನು ಬಿಟ್ಟು ಲೋಟ ಮುಂದೆ ಸುತ್ತುತ್ತದೆ.

ಅವಳು ಏನೂ ಹೇಳದೆ ಲೋಟ ಕೊಟ್ಟಳು. ಬಾಸಿಲಿಯಾ ಒಂದು ಕ್ಷಣ ಅವಳ ಮುಖ ನೋಡಿ, ನೀರು ತುಂಬಿ ತಂಗಿಗೆ ಕೊಟ್ಟಳು. ತಂಗಿ ಕುಡಿದು ಕೊಟ್ಟ ಮೇಲೆ ಬಾಸಿಲಿಯಾ ತಾನೂ ತುಂಬಿಕೊಂಡು ಕುಡಿದಳು. ಮತ್ತೆ ತುಂಬಿ, ದೆಯೊಲಿಂದಾಳ ಕಡೆ ಚಾಚಿದಳು.